ಅಜ್ಜಿಯರ ರಕ್ತ ನುಡಿದ ಸಾಕ್ಷಿ

1979ರಲ್ಲಿ ಅರ್ಜೆಂಟೀನಾದ ಲಾ ಪ್ಲಾತಾ ನಗರದ ಪತ್ರಿಕೆಯೊಂದರಲ್ಲಿ ಸಣ್ಣದೊಂದು ಸುದ್ದಿ ಬಂದಿತ್ತು. ಮಗು ತನ್ನದಲ್ಲ ಎಂದು ಹಟ ಹಿಡಿದಿದ್ದ ಗಂಡಸೊಬ್ಬನ ತಂದೆತನವನ್ನು ರಕ್ತಪರೀಕ್ಷೆಯಿಂದ ಪತ್ತೆ ಹಚ್ಚಿದರು ಎನ್ನುವುದು ಅದರ ಸಾರ. ಕೆಲವು ಅಜ್ಜಿಯರು ಅದನ್ನು ಕತ್ತರಿಸಿ ಇಟ್ಟುಕೊಂಡರು. ಅವರ ಸಮಸ್ಯೆ ಆ ಸುದ್ದಿಗಿಂತ ಜಟಿಲವಾಗಿತ್ತು. ಪರೀಕ್ಷೆಗೆ ರಕ್ತ ಕೊಡಲು ಅವರ ಮೊಮ್ಮಕ್ಕಳಿಗೆ ತಂದೆಯೂ ಇರಲಿಲ್ಲ, ತಾಯಿಯೂ ಇರಲಿಲ್ಲ. ಇಬ್ಬರನ್ನೂ ಸೇನೆ ಎತ್ತಿಕೊಂಡು ಹೋಗಿತ್ತು. ಆದ್ದರಿಂದ ಅವರು ಯಾವ ವಿಜ್ಞಾನಿ ಸಿಕ್ಕರೂ ಒಂದೇ ಪ್ರಶ್ನೆ ಕೇಳತೊಡಗಿದರು: ನಡುವಿನ ತಲೆಮಾರೇ ಇಲ್ಲದಿದ್ದರೆ, ಅಜ್ಜಿಯ ರಕ್ತದಿಂದ ಮೊಮ್ಮಗುವನ್ನು ಗುರುತಿಸಲು ಬರುತ್ತದೆಯೇ?

ಅಲ್ಲಿಯವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕೇಳುವ ಪ್ರಸಂಗ ಬಂದಿರಲಿಲ್ಲ.

ಮನುಷ್ಯರ ವಂಶವಾಹಿಯನ್ನು ಪ್ರಭುತ್ವ ತನ್ನ ಮುಷ್ಟಿಯಲ್ಲಿ ಇಟ್ಟುಕೊಳ್ಳುವ ಕರಾಳ ಸಮಾಜಗಳನ್ನು ಕಾದಂಬರಿಗಳಲ್ಲಿ, ಸಿನಿಮಾಗಳಲ್ಲಿ ಬಹಳ ನೋಡಿದ್ದೇವೆ. ಅವುಗಳ ಕಾಲ ಸಾಮಾನ್ಯವಾಗಿ ಮುಂದೆಂದೋ. ಅರ್ಜೆಂಟೀನಾದಲ್ಲಿ ಅದು ಆಗಲೇ ನಡೆದುಹೋಗಿದೆ. 1976ರ ಮಾರ್ಚ್ 24ರಂದು ಅಧಿಕಾರ ಕಸಿದುಕೊಂಡ ಸೇನಾಡಳಿತ 1983ರ ಕೊನೆಯವರೆಗೆ ಆಳಿತು. ಆ ಅವಧಿಯಲ್ಲಿ ಕಣ್ಮರೆಯಾದವರು 30,000 ಎಂದು ಮಾನವ ಹಕ್ಕು ಸಂಘಟನೆಗಳು ಹೇಳುತ್ತವೆ. ಪ್ರಜಾಪ್ರಭುತ್ವ ಮರಳಿದ ಕೂಡಲೇ ನೇಮಕವಾದ ಆಯೋಗ ದಾಖಲಿಸಿಕೊಳ್ಳಲು ಸಾಧ್ಯವಾದದ್ದೇ 9,000ಕ್ಕೆ ಹತ್ತಿರ. ಹಾಗೆ ಹೋದವರಲ್ಲಿ ಬಸುರಿಯರಿದ್ದರು. ಅವರನ್ನು ಹೆರಿಗೆಯಾಗುವವರೆಗೆ ಜೀವಂತ ಇಟ್ಟುಕೊಳ್ಳುತ್ತಿದ್ದರು. ಬ್ಯೂನಸ್ ಐರಿಸ್‌ನ ನೌಕಾಪಡೆಯ ಯಂತ್ರಶಿಕ್ಷಣ ಶಾಲೆ, ‘ಎಸ್ಮಾ’, ಹೊರಗಿನಿಂದ ಬಿಳಿ ಕಂಬಗಳ ಅಂದದ ಕಟ್ಟಡ. ಒಳಗೆ ಚಿತ್ರಹಿಂಸೆಯ ಕೋಣೆಗಳ ಜೊತೆಗೇ ಹೆರಿಗೆಗೆಂದು ಒಂದು ಕೋಣೆ ಇತ್ತು. ಹೆತ್ತವಳನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತಿದ್ದರು. ಅನೇಕರನ್ನು ವಿಮಾನದಿಂದ ಜೀವಸಹಿತ ನೀರಿಗೆ ಎಸೆದದ್ದನ್ನು ಅದರಲ್ಲಿ ಪಾಲ್ಗೊಂಡ ನೌಕಾಧಿಕಾರಿಯೇ 1995ರಲ್ಲಿ ಬಾಯಿಬಿಟ್ಟ. ಕೂಸು ಮಾತ್ರ ಸೇನೆಯವರ, ಪೊಲೀಸರ ಅಥವಾ ಅವರಿಗೆ ಬೇಕಾದವರ ಮನೆ ಸೇರುತ್ತಿತ್ತು. ವೈದ್ಯರು ಸುಳ್ಳು ಜನನ ಪತ್ರಕ್ಕೆ ಸಹಿ ಹಾಕಿಕೊಡುತ್ತಿದ್ದರು. ಹೀಗೆ ಕದ್ದ ಮಕ್ಕಳು ಸುಮಾರು 500 ಎಂದು ಅಜ್ಜಿಯರ ಅಂದಾಜು.

ಈ ಕಳವಿನ ಹಿಂದೆ ಒಂದು ಸಿದ್ಧಾಂತವಿತ್ತು ಎನ್ನುವುದು ನನ್ನನ್ನು ಮತ್ತೆ ಮತ್ತೆ ಕಾಡುವ ಸಂಗತಿ. ಬ್ಯೂನಸ್ ಐರಿಸ್ ಪ್ರಾಂತ್ಯದ ಪೊಲೀಸ್ ಮುಖ್ಯಸ್ಥನಾಗಿದ್ದ ಜನರಲ್ ರಾಮೋನ್ ಕಾಂಪ್ಸ್ ಅದನ್ನು ಬಹಿರಂಗವಾಗಿಯೇ ಹೇಳಿಕೊಂಡ. ದೇಶದ್ರೋಹಿ ತಂದೆತಾಯಿಗಳು ಮಕ್ಕಳಿಗೂ ದ್ರೋಹವನ್ನೇ ಕಲಿಸುತ್ತಾರೆ, ಆದ್ದರಿಂದ ಮಕ್ಕಳನ್ನು ಬೇರೆ ಕಡೆ ಬೆಳೆಸಬೇಕು ಎನ್ನುವುದು ಅವನ ತರ್ಕ. ಅಂದರೆ ರಕ್ತದಲ್ಲಿ ಏನೂ ಇಲ್ಲ, ಎಲ್ಲ ಇರುವುದು ಸಂಸ್ಕಾರದಲ್ಲಿ. ಈ ಮಾತನ್ನು ಬೇರೆ ಯಾರಾದರೂ, ಬೇರೆ ಎಲ್ಲಿಯಾದರೂ ಆಡಿದ್ದರೆ ನಾವು ತಲೆದೂಗುತ್ತಿದ್ದೆವು. ಹುಟ್ಟಿನಿಂದ ಯಾರೂ ಮೇಲಲ್ಲ, ಕೀಳಲ್ಲ ಎಂದು ವಚನಕಾರರ ಕಾಲದಿಂದ ಹೇಳಿಸಿಕೊಂಡು ಬಂದವರು ನಾವು.

ಇದಕ್ಕೆ ಪೂರಾ ತಿರುಗುಮುರುಗಾದದ್ದು ನಾಜಿ ಜರ್ಮನಿ. ಅಲ್ಲಿ ರಕ್ತವೇ ಸರ್ವಸ್ವ. 1935ರ ನ್ಯೂರೆಂಬರ್ಗ್ ಕಾನೂನುಗಳ ಪ್ರಕಾರ ಒಬ್ಬನ ಪೌರತ್ವವನ್ನು ನಿರ್ಧರಿಸುತ್ತಿದ್ದವರು ಅವನ ನಾಲ್ವರು ಅಜ್ಜ ಅಜ್ಜಿಯರು. ಸರ್ಕಾರಿ ಕೆಲಸಕ್ಕೆ ಸೇರಬೇಕಾದರೆ ಚರ್ಚುಗಳ ದೀಕ್ಷಾ ದಾಖಲೆ ತಡಕಾಡಿ ವಂಶದ ಪುರಾವೆ ತರಬೇಕಿತ್ತು. ಮನೆಯಲ್ಲಿ ಯಾರೂ ಬಾಯಿಬಿಡದ ಅಜ್ಜಿಯೊಬ್ಬಳ ಹೆಸರು ಇದ್ದಕ್ಕಿದ್ದಂತೆ ಜೀವನ್ಮರಣದ ಪ್ರಶ್ನೆಯಾಗುತ್ತಿತ್ತು. ಅದೇ ಸಿದ್ಧಾಂತದ ಮೇಲೆ ಪೋಲೆಂಡಿನಲ್ಲಿ ‘ಒಳ್ಳೆಯ ರಕ್ತ’ದವರಂತೆ ಕಂಡ ಮಕ್ಕಳನ್ನು ಹೊತ್ತು ತಂದು, ಹೆಸರು ಬದಲಿಸಿ, ಜರ್ಮನ್ ಮನೆಗಳಿಗೆ ಹಂಚಿದರು.

ಒಬ್ಬರಿಗೆ ರಕ್ತ ಎಲ್ಲವೂ, ಇನ್ನೊಬ್ಬರಿಗೆ ರಕ್ತ ಏನೂ ಅಲ್ಲ. ಇಬ್ಬರೂ ಮಾಡಿದ್ದು ಒಂದೇ ಕೆಲಸ: ಮಕ್ಕಳನ್ನು ಕದ್ದರು, ಹೆಸರು ಬದಲಿಸಿದರು, ಗುಟ್ಟು ಕಾಯುವ ಸಂಸಾರಗಳನ್ನು ಕಟ್ಟಿದರು. ಹಾಗಾದರೆ ‘ನಾನು ಯಾರು, ಹುಟ್ಟೋ ಬೆಳೆಸಿದ್ದೋ?’ ಎಂಬ ನಮ್ಮ ಹಳೆಯ ಚರ್ಚೆಯಲ್ಲಿ ಯಾವ ಪಕ್ಷ ಹಿಡಿದರೂ ಅನ್ಯಾಯದಿಂದ ರಕ್ಷಣೆ ಸಿಗುವುದಿಲ್ಲ ಎಂದಾಯಿತು. ಪ್ರಭುತ್ವಕ್ಕೆ ಎರಡು ವಾದವೂ ಉಪಯೋಗಕ್ಕೆ ಬರುತ್ತವೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ ಎಲ್ಲೋ ಇದೆ. ಅದನ್ನು ಹುಡುಕಲು ಅಜ್ಜಿಯರ ಬಳಿಗೇ ಮರಳಬೇಕು.

ಅವರು ಗುಂಪು ಕಟ್ಟಿದ್ದು 1977ರ ಅಕ್ಟೋಬರಿನಲ್ಲಿ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಪ್ಲಾಜಾ ದೆ ಮಾಯೊ ಚೌಕದಲ್ಲಿ ಮೌನವಾಗಿ ಸುತ್ತು ಹಾಕುತ್ತಿದ್ದರಲ್ಲ, ಅವರೊಳಗಿನಿಂದಲೇ ಹುಟ್ಟಿದ ಗುಂಪು ಇದು. ಹೆಚ್ಚಿನವರು ಮನೆ, ಅಡುಗೆ, ಶಾಲೆಯ ಮೇಷ್ಟರಗಿರಿ ಇಷ್ಟರಲ್ಲೇ ಇದ್ದವರು. ಹೋಟೆಲುಗಳಲ್ಲಿ ಯಾರದೋ ಹುಟ್ಟುಹಬ್ಬ ಆಚರಿಸುವವರಂತೆ ಕೂತು ಮಾತಾಡುತ್ತಿದ್ದರು. ಫೋನಿನಲ್ಲಿ ಸಂಕೇತದ ಮಾತು ಬಳಸುತ್ತಿದ್ದರು. ಅನುಮಾನ ಬಂದ ಮನೆಗಳ ಮುಂದೆ, ಶಾಲೆಗಳ ಬಾಗಿಲಲ್ಲಿ ನಿಂತು ಮಕ್ಕಳ ಮುಖ ನೋಡುತ್ತಿದ್ದರು. ಆದರೆ ಮುಖದ ಹೋಲಿಕೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಅಮೆರಿಕದಲ್ಲಿ ಅವರಿಗೆ ವಿಕ್ಟರ್ ಪೆಂಚಸ್ಜಾದೆ ಸಿಕ್ಕರು. ದೇಶ ಬಿಟ್ಟು ನ್ಯೂಯಾರ್ಕಿಗೆ ಬಂದು ನೆಲೆಸಿದ್ದ ಅರ್ಜೆಂಟೀನಾದವರೇ ಆದ ತಳಿವಿಜ್ಞಾನಿ. ಅವರ ಮೂಲಕ ರಕ್ತವಿಜ್ಞಾನಿಗಳು, ಗಣಿತ ಬಲ್ಲವರು ಒಬ್ಬೊಬ್ಬರಾಗಿ ಕೂಡಿಕೊಂಡರು. ಬರ್ಕಲಿಯ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ 1984ರಲ್ಲಿ ಬ್ಯೂನಸ್ ಐರಿಸ್‌ಗೆ ಬಂದರು. ಬಿಳಿ ರಕ್ತಕಣಗಳ ಮೇಲಿನ ಪ್ರೋಟೀನುಗಳ ಬಗೆಗಳನ್ನು ಹೋಲಿಸಿ, ಈ ಮಗು ಈ ನಾಲ್ವರು ಅಜ್ಜ ಅಜ್ಜಿಯರ ಮೊಮ್ಮಗುವಾಗಿರುವ ಸಂಭಾವ್ಯತೆ ಎಷ್ಟು ಎಂದು ಲೆಕ್ಕ ಹಾಕುವ ಸೂತ್ರ ಸಿದ್ಧವಾಯಿತು. ಅದೇ ವರ್ಷ ಆ ವಿಧಾನದಿಂದ ಎಂಟು ವರ್ಷದ ಹುಡುಗಿಯೊಬ್ಬಳ ಗುರುತು ಸಾಬೀತಾಗಿ, ಡಿಸೆಂಬರಿನಲ್ಲಿ ಅವಳು ಅಜ್ಜಿಯ ಮನೆ ಸೇರಿದಳು. ಎರಡು ವರ್ಷವೂ ತುಂಬುವ ಮುನ್ನ ಅವಳನ್ನು ತಂದೆತಾಯಿಯ ಜೊತೆ ಎತ್ತಿಕೊಂಡು ಹೋಗಿದ್ದರು. ಒಯ್ದ ಪೊಲೀಸ್ ಅಧಿಕಾರಿ ಅವಳನ್ನು ಆಗಷ್ಟೇ ಹುಟ್ಟಿದ ಕೂಸೆಂದು ನೋಂದಾಯಿಸಿದ್ದರಿಂದ ಕಾಗದದ ಮೇಲೆ ಅವಳ ಆಯುಸ್ಸಿನ ಎರಡು ವರ್ಷಗಳೇ ಅಳಿಸಿಹೋಗಿದ್ದವು.

ಮುಂದೆ ಕಿಂಗ್ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ಬಳಸತೊಡಗಿದರು. ಜೀವಕೋಶದ ಕೇಂದ್ರದ ಹೊರಗಿರುವ ಈ ಪುಟ್ಟ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ, ಹೆಚ್ಚುಕಡಿಮೆ ಬದಲಾಗದೆ ಬರುತ್ತದೆ. ತಾಯಿಯ ತಾಯಿಯಲ್ಲಿರುವುದೇ ಮಗಳಲ್ಲಿ, ಮಗಳಲ್ಲಿರುವುದೇ ಮೊಮ್ಮಗುವಿನಲ್ಲಿ. ನಡುವಿನವಳನ್ನು ಕೊಂದು ಸಮುದ್ರಕ್ಕೆಸೆದರೂ ಎರಡು ತುದಿಗಳು ಕೂಡುತ್ತವೆ. ಅಳಿಯಕಟ್ಟಿನ ತುಳುನಾಡಿನವರಿಗೆ ಇದು ಅಚ್ಚರಿಯಾಗಲಾರದು. ಗಂಡುಮಕ್ಕಳ ಹೆಸರುಗಳನ್ನೇ ಪೋಣಿಸಿ ವಂಶಾವಳಿ ಬರೆಯುವ ನಮ್ಮಂಥವರು ಕೊಂಚ ನಿಂತು ಯೋಚಿಸಬೇಕು. ಬಾಲೆಯರನ್ನು, ಬಾಣಂತಿಯರನ್ನು ಮುಗಿಸಿದರೆ ಸಾಕ್ಷಿಯೇ ಉಳಿಯದು ಎಂದುಕೊಂಡ ಸೇನಾಧಿಕಾರಿಗಳ ಲೆಕ್ಕದಲ್ಲಿ ಮುದುಕಿಯರು ಇರಲೇ ಇಲ್ಲ. 1987ರಲ್ಲಿ ಸಂಸತ್ತು ಕಾನೂನು ಮಾಡಿ ರಾಷ್ಟ್ರೀಯ ವಂಶವಾಹಿ ದತ್ತಾಂಶ ಬ್ಯಾಂಕ್ ಸ್ಥಾಪಿಸಿತು. ಅಜ್ಜಿಯರು ತಾವು ಸತ್ತ ಮೇಲೂ ಹುಡುಕಾಟ ನಿಲ್ಲದಿರಲೆಂದು ಅಲ್ಲಿ ರಕ್ತ ಇಟ್ಟು ಹೋದರು. 2025ರ ಮಧ್ಯದ ಹೊತ್ತಿಗೆ ಪತ್ತೆಯಾದವರ ಸಂಖ್ಯೆ 140.

ಇಲ್ಲಿಗೆ ಕಥೆ ಮುಗಿದಿದ್ದರೆ ರಕ್ತಸಂಬಂಧ ಗೆದ್ದಿತು ಎಂದು ಮಂಗಳ ಹಾಡಬಹುದಿತ್ತು. ಪತ್ತೆಯಾದವರ ಬದುಕು ಹಾಗೆ ಹಾಡಲು ಬಿಡುವುದಿಲ್ಲ. 1989ರಿಂದ ಅಜ್ಜಿಯರ ಸಂಘಟನೆಯ ಅಧ್ಯಕ್ಷೆಯಾಗಿರುವ ಎಸ್ತೆಲಾ ದೆ ಕಾರ್ಲೊತ್ತೊ ಅವರ ಮಗಳು ಲೌರಾ 1978ರಲ್ಲಿ ಸೆರೆಯಲ್ಲೇ ಹೆತ್ತು ಕೊಲೆಯಾದಳು. ಮೊಮ್ಮಗ ಸಿಕ್ಕಿದ್ದು 2014ರ ಆಗಸ್ಟಿನಲ್ಲಿ. ಪತ್ತೆಯಾದ 114ನೆಯವನು, 36ರ ವಯಸ್ಸಿನ ಪಿಯಾನೊ ವಾದಕ, ಒಲವರ್ರಿಯಾ ಎಂಬ ಊರಿನಲ್ಲಿ ಬೆಳೆದವನು. ಅಜ್ಜಿ ಅಷ್ಟು ವರ್ಷ ಹುಡುಕಿದ್ದು ‘ಗೀದೊ’ನನ್ನು, ತಾಯಿ ಇಡಬಯಸಿದ ಹೆಸರು ಅದು. ಅವನು ತಾನು ಇಗ್ನಾಸಿಯೊ ಎಂದೇ ಕರೆಸಿಕೊಳ್ಳಲು ಬಯಸಿದ. ಮೂವತ್ತಾರು ವರ್ಷ ಓಗೊಟ್ಟ ಹೆಸರನ್ನು ಬಿಟ್ಟುಕೊಡಲಿಲ್ಲ. ಕುಲನಾಮಗಳನ್ನು ಮಾತ್ರ ಹೆತ್ತವರದ್ದು ಸೇರಿಸಿಕೊಂಡ.

ವಿಕ್ಟೋರಿಯಾ ದೋಂದಾ ಅವರದು ಇನ್ನೂ ಸಿಕ್ಕುಸಿಕ್ಕಾದ ಕಥೆ. ಎಸ್ಮಾದಲ್ಲಿ ಹುಟ್ಟಿದ ಆಕೆಯ ಕಿವಿಗೆ, ಮುಂದೆಂದಾದರೂ ಗುರುತು ಸಿಗಲೆಂದು, ತಾಯಿ ನೀಲಿ ದಾರ ಪೋಣಿಸಿ ಕಳಿಸಿದ್ದಳು. ಅದೇ ಎಸ್ಮಾದಲ್ಲಿ ಅಧಿಕಾರಿಯಾಗಿದ್ದವನು ಆಕೆಯ ಸ್ವಂತ ದೊಡ್ಡಪ್ಪ, ತಂದೆಯ ಒಡಹುಟ್ಟಿದ ಅಣ್ಣ. ಹೆತ್ತವರ ಪಕ್ಷದಲ್ಲಿ ರಕ್ತವಿದೆ, ಕದ್ದವರ ಪಕ್ಷದಲ್ಲಿ ಅಧಿಕಾರವಿದೆ ಎಂದು ಸರಳವಾಗಿ ಗೆರೆ ಎಳೆಯಲು ಹೋದವರ ಕೈ ಇಲ್ಲಿ ನಡುಗುತ್ತದೆ. ಒಂದೇ ರಕ್ತ ಕೊರಡೆಯ ಎರಡೂ ತುದಿಯಲ್ಲಿತ್ತು. ಅನಾಲಿಯಾ ಎಂಬ ಹೆಸರಿನಲ್ಲಿ ಬೆಳೆದ ಆಕೆಗೆ ತನ್ನ ಹುಟ್ಟು ಖಚಿತವಾಗಿ ತಿಳಿದದ್ದು 2004ರಲ್ಲಿ. 2007ರಲ್ಲಿ ಸಂಸತ್ತಿಗೆ ಆಯ್ಕೆಯಾದರು. ತಮ್ಮ ಹುಟ್ಟು ತಿಳಿಯುವ ಮೊದಲೇ ಸೇನಾಡಳಿತ ವಿರೋಧಿಸಿದವರ ರಾಜಕೀಯವನ್ನು ತಾವಾಗಿಯೇ ಆರಿಸಿಕೊಂಡಿದ್ದರು. ಇದು ವಂಶವಾಹಿಯ ಮಹಿಮೆ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಹಾಗೆಂದರೆ, ಹುಟ್ಟಿನಲ್ಲೇ ದ್ರೋಹ ಇರುತ್ತದೆ ಎಂದು ನಂಬುವವನ ವಾದಕ್ಕೆ ನಾವೇ ಸಹಿ ಹಾಕಿದಂತಾಗುತ್ತದೆ.

ಹಾಗಾದರೆ ಆ ಪರೀಕ್ಷೆ ಇವರಿಗೆ ಏನನ್ನು ಕೊಟ್ಟಿತು? ಸ್ವಭಾವವನ್ನಲ್ಲ, ಪ್ರೀತಿಯನ್ನಲ್ಲ, ಹೆಸರನ್ನೂ ಅಲ್ಲ. ತಮಗೆ ಏನು ಮಾಡಲಾಯಿತು ಎನ್ನುವ ಸತ್ಯವನ್ನು ಕೊಟ್ಟಿತು. ‘ನೀನು ಯಾರು’ ಎಂದು ರಕ್ತ ಹೇಳಲಾರದು. ‘ನಿನ್ನನ್ನು ಎಲ್ಲಿಂದ ತಂದರು’ ಎಂದು ಹೇಳಬಲ್ಲದು. ರಕ್ತವನ್ನು ತೀರ್ಪುಗಾರನ ಪೀಠದಲ್ಲಿ ಕೂರಿಸಿದ್ದು ನಾಜಿಗಳು. ಅಜ್ಜಿಯರು ಅದನ್ನು ಕಟಕಟೆಗೆ ಕರೆತಂದು ಸಾಕ್ಷಿ ನುಡಿಸಿದರು. 1986 ಮತ್ತು 87ರ ಕಾನೂನುಗಳು ಸೇನೆಯವರ ಕೊಲೆ, ಚಿತ್ರಹಿಂಸೆಗಳ ವಿಚಾರಣೆಗೆ ತಡೆ ಒಡ್ಡಿದ್ದವು. ಆದರೆ ಮಕ್ಕಳ ಕಳವನ್ನು ಆ ರಕ್ಷಣೆಯಿಂದ ಹೊರಗಿಡಲಾಗಿತ್ತು. ಸೇನಾಡಳಿತದ ಮುಖ್ಯಸ್ಥ ವಿಡೆಲಾ 1998ರಲ್ಲಿ ಮತ್ತೆ ಬಂಧನಕ್ಕೊಳಗಾದದ್ದು ಆ ಕಿಂಡಿಯಿಂದಲೇ. 2012ರಲ್ಲಿ, ಮಕ್ಕಳನ್ನು ಯೋಜಿತವಾಗಿ ಕದ್ದ ಅಪರಾಧಕ್ಕೆ ಅವನಿಗೆ 50 ವರ್ಷಗಳ ಶಿಕ್ಷೆಯಾಯಿತು. ಮರುವರ್ಷ ಜೈಲಿನಲ್ಲೇ ಸತ್ತ.

ಇಂಥ ಸತ್ಯ ಯಾಕೆ ಅಷ್ಟು ಮುಖ್ಯ ಎನ್ನುವುದು ನನಗೆ ಅರ್ಥವಾದದ್ದು ಅರ್ಜೆಂಟೀನಾದಿಂದಲ್ಲ, ನಮ್ಮ ನೆಂಟರ ಮನೆಯೊಂದರಿಂದ. ಅಲ್ಲಿ ಯಾವ ಕ್ರೌರ್ಯವೂ ನಡೆದಿರಲಿಲ್ಲ. ಮಕ್ಕಳಿಲ್ಲದ ತಂಗಿಯ ಮಡಿಲಿಗೆ ಅಕ್ಕ ತನ್ನ ಮೂರನೆಯ ಕೂಸನ್ನು ಹಾಕಿದ್ದರು. ಆತ ಹೆತ್ತವಳನ್ನು ದೊಡ್ಡಮ್ಮ ಎಂದೇ ಕರೆಯುತ್ತ ಬೆಳೆದರು, ಮದುವೆಯಾದರು, ಮಕ್ಕಳಿಗೆ ಮದುವೆ ಮಾಡಿದರು. ದೊಡ್ಡಮ್ಮ ತೀರಿಕೊಂಡ ದಿನ ಯಾರಿಗೆ ಎಷ್ಟು ದಿನ ಸೂತಕ ಎಂದು ಲೆಕ್ಕ ಹೇಳುತ್ತಿದ್ದ ಪುರೋಹಿತರು, “ಹೆತ್ತ ತಾಯಿ ಆದ್ದರಿಂದ ನಿಮಗೆ ಮೂರು ದಿನ” ಎಂದುಬಿಟ್ಟರು. ಎಷ್ಟೋ ಕಾಲದ ನಂತರ ಒಮ್ಮೆ ಜಗಲಿಯಲ್ಲಿ ಕೂತಿದ್ದಾಗ ಅವರೇ ಆ ಮಾತು ತೆಗೆದರು: “ಯಾರು ಹೆತ್ತರು ಅನ್ನೋದು ನನಗೆ ದೊಡ್ಡದಲ್ಲ ಕಣೋ. ಹಾಲು ಹಾಕೋನಿಗೂ ಗೊತ್ತಿತ್ತಂತಲ್ಲ. ಗೊತ್ತಿಲ್ಲದೇ ಇದ್ದೋನು ನಾನೊಬ್ಬನೇ.”

ಬೆಳೆಸಿದ ತಾಯಿಯ ಮೇಲಿನ ಅವರ ಪ್ರೀತಿ ಕಿಂಚಿತ್ತೂ ಕಡಿಮೆಯಾಗಿರಲಿಲ್ಲ. ನೋಯಿಸಿದ್ದು ಆ ಒಬ್ಬಂಟಿತನ. ತನ್ನ ಬದುಕಿನ ಮೊದಲ ಸಂಗತಿಯನ್ನು ಎಲ್ಲರೂ ಹಂಚಿಕೊಂಡು, ತನಗೆ ಮಾತ್ರ ಬಡಿಸದೇ ಇದ್ದದ್ದು. ಒಳ್ಳೆಯ ಮನಸ್ಸಿನಿಂದ ಕಾಪಾಡಿದ ಗುಟ್ಟೇ ಇಷ್ಟು ಆಳಕ್ಕೆ ಇಳಿಯಬಲ್ಲದಾದರೆ, ಕೊಂದವರು ಕಾಪಾಡಿದ ಗುಟ್ಟು ಎಷ್ಟು ಆಳಕ್ಕೆ ಇಳಿದೀತು!

ಹುಟ್ಟಿನ ಗುಟ್ಟು ನಮ್ಮ ಸಾಹಿತ್ಯಕ್ಕೂ ಹೊಸದಲ್ಲ. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡ ಕವಿಗಳು ಕರ್ಣನ ಬಗ್ಗೆ ಮರುಗಿದಷ್ಟು ಇನ್ನಾರ ಬಗ್ಗೆಯೂ ಮರುಗಿದಂತಿಲ್ಲ. ಕರ್ಣನ ದುರಂತ ಅವನಿಗೆ ಸತ್ಯ ತಿಳಿಯದೇ ಇದ್ದದ್ದು ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ನನಗೆ ಈಗ ಬೇರೆ ಕಾಣುತ್ತದೆ. ಕೃಷ್ಣ ಬಂದು ಹೇಳಿದ್ದು ಯುದ್ಧಕ್ಕೆ ಮುನ್ನ. ಕುಂತಿ ಬಂದದ್ದು ಉಳಿದ ಮಕ್ಕಳ ಪ್ರಾಣ ಬೇಡಲು. ಅವನ ಹುಟ್ಟಿನ ಸತ್ಯವನ್ನು ಅವನಿಗಾಗಿ ಯಾರೂ ಹೇಳಲಿಲ್ಲ. ಮುಚ್ಚಿಟ್ಟದ್ದೂ ಇನ್ನೊಬ್ಬರ ಅನುಕೂಲಕ್ಕೆ, ಬಿಚ್ಚಿದ್ದೂ ಇನ್ನೊಬ್ಬರ ಅನುಕೂಲಕ್ಕೆ. ಎಸ್.ಎಲ್. ಭೈರಪ್ಪನವರ 1965ರ ‘ವಂಶವೃಕ್ಷ’ದಲ್ಲಿ ಇನ್ನೊಂದು ಬಗೆ. ಮರುಮದುವೆಯಾದ ಸೊಸೆ ತನ್ನ ಮಗುವಿಗಾಗಿ ಬಂದು ಬರಿಗೈಯಲ್ಲಿ ಮರಳುತ್ತಾಳೆ. ಮೊಮ್ಮಗು ವಂಶದ ಕುಡಿಯಾಗಿ ಶ್ರೀನಿವಾಸ ಶ್ರೋತ್ರಿಯರ ಮನೆಯಲ್ಲೇ ಉಳಿಯುತ್ತದೆ. ಕೊನೆಗೆ ಹಳೆಯ ಕಾಗದಗಳಿಂದ ಶ್ರೋತ್ರಿಯರಿಗೇ ತಿಳಿಯುತ್ತದೆ, ತಾವೇ ಆ ವಂಶದ ರಕ್ತವಲ್ಲ ಎಂದು. ವಂಶದ ಹೆಸರಿನಲ್ಲಿ ಒಬ್ಬ ತಾಯಿ ತೆತ್ತ ಬೆಲೆಗೆ ಆಧಾರವೇ ಇರಲಿಲ್ಲ. ಶ್ರೋತ್ರಿಯರ ದೊಡ್ಡತನ ಇರುವುದು, ಆ ಸತ್ಯವನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಮುಚ್ಚದೇ ಇದ್ದದ್ದರಲ್ಲಿ.

ಅಜ್ಜಿಯರ ಕಥೆಯ ಅತಿ ಕಷ್ಟದ ಭಾಗ ಇನ್ನೂ ಉಳಿದಿದೆ. ಪತ್ತೆಯಾಗುವುದೇ ಬೇಡ ಎಂದವರೂ ಇದ್ದರು. ತನ್ನನ್ನು ಬೆಳೆಸಿದವರ ಮೇಲೆ ಮೊಕದ್ದಮೆ ನಡೆಯುತ್ತಿದ್ದಾಗ ಯುವತಿಯೊಬ್ಬಳು ರಕ್ತ ಕೊಡಲು ಒಪ್ಪಲಿಲ್ಲ. ಪ್ರೀತಿಸುವವರ ವಿರುದ್ಧ ತನ್ನ ದೇಹವೇ ಸಾಕ್ಷಿಯಾಗಬಾರದು ಎನ್ನುವುದು ಅವಳ ನಿಲುವು. 2003ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅವಳ ಮಾತನ್ನು ಎತ್ತಿಹಿಡಿಯಿತು. 2009ರಲ್ಲಿ ನ್ಯಾಯಾಲಯವೂ ಸಂಸತ್ತೂ ಬೇರೆ ದಾರಿ ಕಂಡುಕೊಂಡವು: ಸೂಜಿ ಚುಚ್ಚುವುದು ಬೇಡ, ಬಟ್ಟೆ, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷುಗಳಿಂದ ಡಿಎನ್‌ಎ ತೆಗೆಯಬಹುದು. ಇದನ್ನು ಓದುವಾಗಲೆಲ್ಲ ನನ್ನ ಮನಸ್ಸು ಎರಡಾಗುತ್ತದೆ. ಒಂದು ಕಡೆ, ದಶಕಗಳ ಕಾಲ ಕಾದ ಅಜ್ಜಿಗೆ ‘ಬದುಕಿದೆಯೋ ಇಲ್ಲವೋ’ ಎಂಬುದಾದರೂ ತಿಳಿಯುವ ಹಕ್ಕಿಲ್ಲವೇ? ಈ ಗುಟ್ಟು ಆ ಯುವತಿಯೊಬ್ಬಳದ್ದೇ ಆಸ್ತಿ ಹೇಗಾದೀತು? ಇನ್ನೊಂದು ಕಡೆ, ಕೂಸಾಗಿದ್ದ ಅವಳನ್ನು ತಾಯಿಯಿಂದ ಕಸಿದದ್ದು ಪ್ರಭುತ್ವವೇ. ಈಗ ಅದೇ ಪ್ರಭುತ್ವದ ಪೊಲೀಸರು ಮನೆಗೆ ಬಂದು ಅವಳ ಬ್ರಷ್ಷು ಒಯ್ಯುತ್ತಾರೆ. ಉದ್ದೇಶ ಬೇರೆ, ನಿಜ. ಬಾಗಿಲು ಬಡಿಯುವ ಸದ್ದು ಒಳಗಿರುವವಳಿಗೆ ಒಂದೇ. ಅಪರಾಧ ನಡೆದಿದೆಯೇ ಎಂದು ತಿಳಿಯಲು ಪರೀಕ್ಷೆ ನಡೆಯಲಿ, ಆ ಫಲಿತಾಂಶದೊಂದಿಗೆ ಹೇಗೆ ಬದುಕಬೇಕೆನ್ನುವುದು ಅವಳಿಗೇ ಬಿಟ್ಟದ್ದಾಗಿರಲಿ ಎನ್ನುವಷ್ಟಕ್ಕೆ ನಾನು ಬಂದು ನಿಲ್ಲುತ್ತೇನೆ. ಅದಕ್ಕಿಂತ ಖಚಿತವಾಗಿ ಹೇಳುವವರನ್ನು ಕಂಡರೆ ನನಗೆ ಅನುಮಾನ.

ನಮ್ಮ ದೇಶದ ಕಾನೂನು ಇದೇ ಪ್ರಶ್ನೆಯನ್ನು ಎದುರು ದಿಕ್ಕಿನಿಂದ ನೋಡುತ್ತದೆ. ದಾಂಪತ್ಯದಲ್ಲಿ ಹುಟ್ಟಿದ ಮಗುವನ್ನು ಗಂಡನ ಮಗುವೆಂದೇ ಭಾವಿಸುವುದು ಹಳೆಯ ಸಾಕ್ಷ್ಯ ಅಧಿನಿಯಮದ 112ನೇ ಕಲಮು. ಹೊಸ ಕಾನೂನಿನಲ್ಲೂ ಅದು ಉಳಿದಿದೆ. ಗಂಡ ಹೆಂಡತಿಯ ಜಗಳದಲ್ಲಿ ಮಗುವಿನ ಡಿಎನ್‌ಎ ಪರೀಕ್ಷೆಗೆ ಸಲೀಸಾಗಿ ಆದೇಶ ಕೊಡಬಾರದು, ಮಗು ಆಟದ ದಾಳವಾಗಬಾರದು ಎಂಬ ಅರ್ಥದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2023ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಬ್ಯೂನಸ್ ಐರಿಸ್‌ನಲ್ಲಿ ಪರೀಕ್ಷೆ ನಡೆಸುವುದು ನ್ಯಾಯ, ದೆಹಲಿಯಲ್ಲಿ ತಡೆಯುವುದು ನ್ಯಾಯ. ಮೇಲುನೋಟಕ್ಕೆ ವಿರೋಧ ಕಂಡರೂ ಒಳಗೆ ವಿರೋಧವಿಲ್ಲ. ಅಲ್ಲಿ ಮೌನ ಕಾಪಾಡುತ್ತಿದ್ದುದು ಕದ್ದವರನ್ನು. ಇಲ್ಲಿ ಮೌನ ಕಾಪಾಡುವುದು ಮಗುವನ್ನು.

ಈಗ ಈ ಗುಟ್ಟುಗಳನ್ನು ಒಡೆಯಲು ಪ್ರಭುತ್ವವೂ ಬೇಕಿಲ್ಲ, ನ್ಯಾಯಾಲಯವೂ ಬೇಕಿಲ್ಲ. ಅಮೆರಿಕದಲ್ಲಿ ಜನ ತಾವೇ ಹಣ ಕೊಟ್ಟು, ಎಂಜಲನ್ನು ಕೊಳವೆಯಲ್ಲಿ ತುಂಬಿ ಕಂಪನಿಗಳಿಗೆ ಕಳಿಸಿದರು. 2018ರಲ್ಲಿ ಕ್ಯಾಲಿಫೋರ್ನಿಯಾದ ಹಳೆಯ ಸರಣಿ ಕೊಲೆಗಾರ ಸಿಕ್ಕಿಬಿದ್ದದ್ದು, ಅವನ ದೂರದ ನೆಂಟರು ವಂಶಾವಳಿ ತಾಣವೊಂದಕ್ಕೆ ಹಾಕಿದ್ದ ಡಿಎನ್‌ಎ ಮಾಹಿತಿಯಿಂದ. ಅವನು ಸಿಕ್ಕಿದ್ದು ಒಳ್ಳೆಯದೇ. ಆದರೆ ನಾವು ಎಂಜಲು ಕೊಡದಿದ್ದರೂ ನಮ್ಮ ಚಿಕ್ಕಪ್ಪನ ಮಗ ಕೊಟ್ಟರೆ ಸಾಕು, ನಾವೂ ಕೊಟ್ಟಂತೆಯೇ ಎಂದೂ ಅದು ತೋರಿಸಿತು. 23ಆ್ಯಂಡ್‌ಮಿ ಎಂಬ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಸೋರಿತು. 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ದಿವಾಳಿಯಾದ ಅಂಗಡಿಯ ಮಾರಾಟದ ಸರಕಿನಲ್ಲಿ ಲಕ್ಷಾಂತರ ಸಂಸಾರಗಳ ಗುಟ್ಟೂ ಸೇರಿಕೊಂಡಿತು. ಅರ್ಜೆಂಟೀನಾದ ಬ್ಯಾಂಕಿನಲ್ಲೂ ಇರುವುದು ಡಿಎನ್‌ಎ ಮಾಹಿತಿಯೇ. ಆದರೆ ಅಲ್ಲಿ ಅದು ಸಂಗ್ರಹವಾದದ್ದು ಕದ್ದ ಮಕ್ಕಳನ್ನು ಹುಡುಕಲು, ಅದನ್ನು ಕಾಯುವುದು ಕಾನೂನು. ತಂತ್ರಜ್ಞಾನಕ್ಕೆ ತನ್ನದೇ ಆದ ನೀತಿ ಇರುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದವರ ನೀತಿಯೇ ಅದರ ನೀತಿ.

ಮಗುವಿನ ಗುರುತನ್ನು ಕಾಪಾಡುವ ಮತ್ತು ಅಕ್ರಮವಾಗಿ ಕಸಿದಿದ್ದರೆ ಮರಳಿ ಕೊಡಿಸುವ ಹೊಣೆ ಸರ್ಕಾರಗಳದ್ದು ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ ಹೇಳುತ್ತದೆ. ಅದನ್ನು ಸೇರಿಸಲು ಪಟ್ಟು ಹಿಡಿದವರು ಅರ್ಜೆಂಟೀನಾದವರು. ಆ ವಿಧಿ ಈಗ ನಮಗೂ ಅನ್ವಯ. ಭಾರತ 1992ರಲ್ಲಿ ಒಡಂಬಡಿಕೆಯನ್ನು ಒಪ್ಪಿದೆ. ಆದರೆ ವಿಧಿಗಳು ಜಗಲಿಯವರೆಗೆ ಬರುತ್ತವೆ, ನಡುಮನೆಗೆ ಬರುವುದಿಲ್ಲ. ನಡುಮನೆಯಲ್ಲಿ ದತ್ತು ಮಗುವಿಗೆ ಯಾವಾಗ ಹೇಳಬೇಕು, ಮುತ್ತಜ್ಜನ ಎರಡನೆಯ ಸಂಸಾರವನ್ನು ವಂಶಾವಳಿಯಲ್ಲಿ ಬರೆಯಬೇಕೇ, ಬೇರೆ ಜಾತಿಯಿಂದ ಬಂದ ಅಜ್ಜಿಯ ತವರಿನ ಹೆಸರನ್ನು ಯಾಕೆ ನುಂಗಿದೆವು ಎನ್ನುವ ಪ್ರಶ್ನೆಗಳಿಗೆ ನಾವೇ ಉತ್ತರ ಹುಡುಕಬೇಕು. ಅಂಥ ಹೊತ್ತಿಗೆ ನನಗೆ ಅಜ್ಜಿಯರಿಂದ ಸಿಕ್ಕ ಅಳತೆಗೋಲು ಇಷ್ಟೇ: ಈ ಗುಟ್ಟು ಯಾರನ್ನು ಕಾಯುತ್ತಿದೆ? ಅದು ದುರ್ಬಲರನ್ನು ಕಾಯುತ್ತಿದ್ದರೆ, ಅವರೇ ಬಾಯಿಬಿಡುವವರೆಗೆ ನಾವು ಸುಮ್ಮನಿರಬಹುದು. ಬಲವಿದ್ದವರನ್ನು ಕಾಯುತ್ತಿದ್ದರೆ, ಅದು ಎಷ್ಟೇ ಹಳೆಯದಿರಲಿ, ಮನೆತನದ ಮರ್ಯಾದೆ ಎಂಬ ಎಷ್ಟೇ ಚೆಂದದ ಹೆಸರು ಇಟ್ಟುಕೊಂಡಿರಲಿ, ಅದನ್ನು ಉಳಿಸಿಕೊಡುವ ಋಣ ನಮ್ಮ ಮೇಲಿಲ್ಲ.